ಕೆಲಸ ಹುಡುಕುವವನಿಗೆ ಕ್ವಾರ್ಟರ್‌ನ ಲೆಕ್ಕ

ಕುಡಿತದ ಬಗ್ಗೆ ತಿಳಿಹೇಳುವವರು ನಮ್ಮ ಕರ್ನಾಟಕದಲ್ಲಿ ಮನೆ ಅರ್ಧ ಮುಳುಗಿದ ಮೇಲೆ ಬರುತ್ತಾರೆ. ಅಮೆರಿಕದಲ್ಲಿ ಕೆಲಸದ ಅರ್ಜಿಯ ಹಿಂದೆಯೇ ಬರುತ್ತಾರೆ, ಆದರೆ ಕೈಯಲ್ಲಿ ಮೂತ್ರದ ಡಬ್ಬಿ ಹಿಡಿದುಕೊಂಡು. ಇಷ್ಟು ವರ್ಷ ಅಮೆರಿಕದಲ್ಲಿದ್ದು ಎರಡೂ ಪದ್ಧತಿಗಳನ್ನು ಹತ್ತಿರದಿಂದ ಬಲ್ಲವನಾಗಿ ನನಗನಿಸುವುದು ಇಷ್ಟೆ: ಕೆಲಸ ಹುಡುಕುವ ಮನುಷ್ಯನಿಗೆ ಬೇಕಾಗಿರುವುದು ಅಳತೆ, ಗಡಿಯಾರ ಮತ್ತು ಎಡವಿದರೆ ವಾಪಸ್ ಬರುವ ದಾರಿ. ಈ ಮೂರನ್ನೂ ಒಂದೇ ಕಡೆ ಹೇಳಿಕೊಡುವವರು ಇಲ್ಲೂ ಕಮ್ಮಿ, ಅಲ್ಲೂ ಕಮ್ಮಿ.

ಅಮೆರಿಕದ ಪದ್ಧತಿ ಅತಿ ಕಟ್ಟುನಿಟ್ಟಾಗಿ ಕಾಣುವುದು ಸಾರಿಗೆ ಕೆಲಸಗಳಲ್ಲಿ: ಟ್ರಕ್, ಬಸ್, ರೈಲು, ವಿಮಾನ. ದೊಡ್ಡ ಗಾಡಿಯ ಲೈಸೆನ್ಸ್‌ಗೆ ಹೊಸದಾಗಿ ಬರುವವರಿಗೆ 2022ರ ಫೆಬ್ರವರಿಯಿಂದ ತರಬೇತಿ ಕಡ್ಡಾಯ. ಅದರ ಥಿಯರಿ ಪಾಠಗಳಲ್ಲಿ ಮದ್ಯ ಮತ್ತು ಮಾದಕ ವಸ್ತುಗಳದ್ದೂ ಒಂದು. ಆದರೆ ಥಿಯರಿ ಇಷ್ಟೇ ಗಂಟೆ ನಡೆಯಬೇಕು ಎಂಬ ನಿಯಮ ಇಲ್ಲ, ಪರೀಕ್ಷೆಯಲ್ಲಿ ನೂರಕ್ಕೆ 80 ಅಂಕ ಬಂದರೆ ಆಯಿತು. ಕೆಲಸಕ್ಕೆ ಸೇರಿದ ಮೇಲೆ ಕಂಪನಿ ಒಂದು ಕಾಗದದ ಕಟ್ಟು ಕೊಟ್ಟು, ತಲುಪಿತು ಅಂತ ಸಹಿ ಹಾಕಿಸಿಕೊಳ್ಳುತ್ತದೆ. ಮೇಲ್ವಿಚಾರಕನಿಗೆ ಮಾತ್ರ ಮದ್ಯದ ಲಕ್ಷಣ ಗುರುತಿಸಲು 60 ನಿಮಿಷ, ಡ್ರಗ್ಸ್ ಲಕ್ಷಣ ಗುರುತಿಸಲು 60 ನಿಮಿಷ ತರಬೇತಿ ಕಡ್ಡಾಯ. ಹಿಡಿಯುವವನಿಗೆ ಎರಡು ಗಂಟೆ ಪಾಠ, ಸಿಕ್ಕಿಬೀಳುವವನಿಗೆ ಒಂದು ಸಹಿ! ನಿಜವಾದ ಪಾಠ ಆಗುವುದು ಮೂತ್ರ ಪರೀಕ್ಷೆಯ ಕೋಣೆಯಲ್ಲೇ.

ಆ ಕೋಣೆಯಲ್ಲಿ ಏನಾಗುತ್ತದೆ ಅಂತ ಮೊದಲೇ ಗೊತ್ತಿದ್ದರೆ ಅರ್ಧ ಗಾಬರಿ ಇಳಿಯುತ್ತದೆ. ಜೇಬು ಖಾಲಿ ಮಾಡಿಸುತ್ತಾರೆ, ಕೈ ತೊಳೆಸುತ್ತಾರೆ, ಕಮೋಡಿನ ನೀರಿಗೆ ನೀಲಿ ಬಣ್ಣ ಹಾಕಿರುತ್ತಾರೆ. ಕೊಡಬೇಕಾದ್ದು ಕನಿಷ್ಠ 45 ಮಿ.ಲೀ. ನಾಲ್ಕು ನಿಮಿಷದೊಳಗೆ ಅದರ ಬಿಸಿ ನೋಡುತ್ತಾರೆ, 32ರಿಂದ 38 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಬಳಿಕ ಕಣ್ಣೆದುರೇ 30 ಮಿ.ಲೀ. ಒಂದು ಬಾಟಲಿಗೆ, 15 ಮಿ.ಲೀ. ಇನ್ನೊಂದಕ್ಕೆ ಹಾಕಿ ಸೀಲ್ ಮಾಡುತ್ತಾರೆ. ಮೊದಲನೆಯದರ ಫಲಿತಾಂಶ ಒಪ್ಪದಿದ್ದರೆ ಎರಡನೆಯದನ್ನು ಬೇರೆ ಲ್ಯಾಬ್‌ನಲ್ಲಿ ನೋಡಿಸಿ ಎಂದು ಕೇಳಲು 72 ಗಂಟೆ ಅವಕಾಶ. ಮೂತ್ರ ಬರದಿದ್ದರೆ ಮೂರು ಗಂಟೆ ಕಾಯಿಸುತ್ತಾರೆ, ಅಷ್ಟರಲ್ಲಿ ಸುಮಾರು 1.2 ಲೀಟರ್‌ವರೆಗೆ ನೀರು ಕುಡಿಯಬಹುದು. ಗಾಬರಿಯಲ್ಲಿ ಮನೆಯಿಂದಲೇ ಮೂರು ನಾಲ್ಕು ಲೀಟರ್ ಕುಡಿದು ಹೋಗುವವರಿದ್ದಾರೆ. ಮೂತ್ರ ತೀರಾ ತೆಳುವಾಗಿ, ಸ್ಯಾಂಪಲ್ ನೀರಾಗಿದೆ ಅಂತ ಇನ್ನೊಂದು ಸಲ ಕರೆಸಿಕೊಳ್ಳುತ್ತಾರೆ, ಅಷ್ಟೇ ಲಾಭ.

ಅರ್ಜಿದಾರರಿಗೆ ಯಾರೂ ಹೇಳದ ಒಂದು ಮಾತಿದೆ. ಕೆಲಸಕ್ಕೆ ಸೇರುವ ಮುಂಚಿನ ಪರೀಕ್ಷೆಗೆ ಹೋಗದೇ ಇದ್ದರೆ, ಅಥವಾ ಪರೀಕ್ಷೆ ಶುರುವಾಗುವ ಮೊದಲೇ ಎದ್ದು ಬಂದರೆ, ಸಾರಿಗೆ ಇಲಾಖೆಯ ನಿಯಮದಲ್ಲಿ ಅದು ನಿರಾಕರಣೆ ಅಲ್ಲ. ಆ ಕೆಲಸ ಸಿಗುವುದಿಲ್ಲ, ಅಷ್ಟೆ. ಡಬ್ಬಿ ಕೈಗೆ ಬಂದ ಮೇಲೆ ಎದ್ದು ಹೋದರೆ ನಿರಾಕರಣೆ, ಅಂದರೆ ಪಾಸಿಟಿವ್‌ಗೆ ಸಮ. 2020ರ ಜನವರಿಯಿಂದ ಟ್ರಕ್, ಬಸ್ ಚಾಲಕರ ಇಂಥ ದಾಖಲೆಗಳೆಲ್ಲ ಕ್ಲಿಯರಿಂಗ್‌ಹೌಸ್ ಎಂಬ ಕೇಂದ್ರ ಪಟ್ಟಿಗೆ ಹೋಗುತ್ತವೆ, ಐದು ವರ್ಷವಾದರೂ ಅಲ್ಲೇ ಇರುತ್ತವೆ. 2024ರ ನವೆಂಬರ್‌ನಿಂದ ಆ ಪಟ್ಟಿಯಲ್ಲಿ ನಿಷೇಧಿತ ಎಂದಿದ್ದರೆ ದೊಡ್ಡ ಗಾಡಿಯ ಲೈಸೆನ್ಸ್ ಕೂಡ ಇಳಿಯುತ್ತದೆ.

ನಮ್ಮವರಿಗೆ ಇದರಲ್ಲಿ ಎರಡು ಮೂರು ಬೇರೆಯೇ ಗುಂಡಿಗಳಿವೆ. ಒಂದು ಗಸಗಸೆ. ಪಾಯಸ ಗಟ್ಟಿಯಾಗಿ ಕುಡಿದರೆ ಮೂತ್ರದಲ್ಲಿ ಮಾರ್ಫಿನ್ ಕಾಣುವುದು ನಿಜ, ಕಾಳಿನ ಸಿಪ್ಪೆಗೆ ಅಂಟಿದ ಹಾಲೇ ಕಾರಣ. ಇದನ್ನು ಅರಿತೇ 1998ರಲ್ಲಿ ಇಲ್ಲಿನ ಸರ್ಕಾರಿ ಮಿತಿಯನ್ನು ಮಿ.ಲೀ.ಗೆ 300 ನ್ಯಾನೋಗ್ರಾಂನಿಂದ 2000ಕ್ಕೆ ಏರಿಸಿದರು. 2000 ದಾಟಿದರೂ 15,000ಕ್ಕಿಂತ ಕೆಳಗಿದ್ದರೆ, ಅಕ್ರಮ ಬಳಕೆಯ ಬೇರೆ ಕುರುಹು ಇಲ್ಲದೆ ಫಲಿತಾಂಶ ಪರಿಶೀಲಿಸುವ ವೈದ್ಯರು ಪಾಸಿಟಿವ್ ಅನ್ನುವಂತಿಲ್ಲ. 15,000 ದಾಟಿತೋ, ಪಾಯಸದ ಕಥೆ ನಡೆಯುವುದಿಲ್ಲ. ಖಾಸಗಿ ಕಂಪನಿಗಳ ಮಿತಿ ಅವರವರದ್ದು, ಹಳೆಯ 300ರಲ್ಲೇ ಇರಬಹುದು. ಹಾಗಾಗಿ ಪರೀಕ್ಷೆ ಇರುವ ವಾರ ಗಸಗಸೆ ಬಿಡುವುದೇ ಸರಿ. ದುಬೈ ಕಡೆ ಹೋಗುವವರಿಗಂತೂ ಈ ಲೆಕ್ಕವೇ ಬೇಡ, ಅಲ್ಲಿ ಗಸಗಸೆ ಪೊಟ್ಟಣವೇ ನಿಷಿದ್ಧ ಮಾಲು. ಅಮ್ಮ ಕಟ್ಟಿಕೊಟ್ಟ ಸಾಂಬಾರು ಸಾಮಾನನ್ನು ವಿಮಾನ ಹತ್ತುವ ಮೊದಲು ಬಿಚ್ಚಿ ನೋಡಬೇಕು.

ಇನ್ನೊಂದು, ಊರಿಂದ ತಂದ, ಅಫೀಮಿನ ಜಾತಿಯ ಕೋಡೀನ್ ಇರುವ ಕೆಮ್ಮಿನ ಸಿರಪ್. ಲ್ಯಾಬ್‌ನಲ್ಲಿ ಏನಾದರೂ ಕಂಡರೆ ವೈದ್ಯಾಧಿಕಾರಿಯೇ ಅಭ್ಯರ್ಥಿಗೆ ಫೋನ್ ಮಾಡುತ್ತಾರೆ, ಕಂಪನಿಗೆ ತಿಳಿಸುವುದು ಆಮೇಲೆ. ಆ ಫೋನ್ ಎತ್ತಬೇಕು. ಗುರುತಿಲ್ಲದ ನಂಬರ್ ಅಂತ ಬಿಟ್ಟು ಕೆಟ್ಟವರಿದ್ದಾರೆ. ವೈದ್ಯರ ಚೀಟಿ ಸ್ವಂತ ಹೆಸರಿನಲ್ಲಿರಬೇಕು, ಭಾವನ ಮಾತ್ರೆ ನುಂಗಿದೆ ಅಂದರೆ ಒಪ್ಪುವುದಿಲ್ಲ. ಮೂರನೆಯದು ಭಂಗಿ. ಭಾರತದ ಮಾದಕ ವಸ್ತು ಕಾಯ್ದೆಯಲ್ಲಿ ಗಾಂಜಾ ಅಂದರೆ ಹೂವಿನ ತೆನೆ, ಬರೀ ಎಲೆಯಲ್ಲ. ಆದ್ದರಿಂದ ಶಿವರಾತ್ರಿಯ ಭಂಗಿ ಆ ಕಾಯ್ದೆಯ ಹೊರಗೆ ಉಳಿದಿದೆ. ಮೂತ್ರಕ್ಕೆ ಆ ಕಾಯ್ದೆ ಗೊತ್ತಿಲ್ಲ, ಎಲೆಗೂ ತೆನೆಗೂ ಒಂದೇ ಫಲಿತಾಂಶ.

ಗಾಂಜಾ ವಿಷಯದಲ್ಲಿ ಇಲ್ಲಿನ ಕಾನೂನೇ ಜನರನ್ನು ದಾರಿ ತಪ್ಪಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅಂಗಡಿಯಲ್ಲೇ ಸಿಗುತ್ತದೆ. ಕೆಲಸದ ಹೊರಗೆ ಸೇದಿದ್ದಕ್ಕೆ ಹೆಚ್ಚಿನ ಕಂಪನಿಗಳು ಕೆಲಸ ನಿರಾಕರಿಸುವಂತಿಲ್ಲ ಎಂದು 2024ರ ಜನವರಿಯಿಂದ ಅಲ್ಲಿ ಕಾನೂನೂ ಇದೆ. ಆದರೆ ಕೇಂದ್ರದ ಸಾರಿಗೆ ನಿಯಮಕ್ಕೆ ರಾಜ್ಯದ ಅನುಮತಿ ಲೆಕ್ಕಕ್ಕಿಲ್ಲ, ವೈದ್ಯರ ಶಿಫಾರಸೂ ನಡೆಯದು. ವಲಸೆ ಬಂದವರಿಗೆ ಇದಕ್ಕಿಂತ ದೊಡ್ಡ ಅಪಾಯವಿದೆ. ರಾಜ್ಯದಲ್ಲಿ ಕಾನೂನುಬದ್ಧವಾದ ಗಾಂಜಾ ಅಂಗಡಿಯಲ್ಲಿ ಕೆಲಸ ಮಾಡಿದ್ದೂ ಪೌರತ್ವದ ಅರ್ಜಿಗೆ ಅಡ್ಡ ಬರಬಹುದು ಎಂದು ವಲಸೆ ಇಲಾಖೆ 2019ರಲ್ಲೇ ಬರೆದಿಟ್ಟಿದೆ. ಕುಡಿದು ಗಾಡಿ ಓಡಿಸಿ ಬಂಧನವಾದರೆ, ಕೇಸ್ ಮುಗಿಯುವ ಮುನ್ನವೇ ವೀಸಾ ರದ್ದಾಗಬಹುದು. ಇಲ್ಲಿನ ಕನ್ನಡ ಕೂಟಗಳು ಹೊಸ ವಿದ್ಯಾರ್ಥಿಗಳಿಗೆ ರಾಜ್ಯೋತ್ಸವದ ಊಟದ ಜೊತೆ ಈ ಎರಡು ವಾಕ್ಯಗಳನ್ನೂ ಬಡಿಸಬೇಕು.

ಇಷ್ಟೆಲ್ಲ ಬಿಗಿ ಇದ್ದೂ ಈ ಪದ್ಧತಿಯಲ್ಲಿ ದೊಡ್ಡ ತೂತೊಂದಿದೆ. ಪ್ರತಿದಿನ ಸೇದುವವನ ಗಾಂಜಾ ವಾರಗಳ ಮೇಲೂ ಮೂತ್ರದಲ್ಲಿ ಸಿಗುತ್ತದೆ, ನಿನ್ನೆ ರಾತ್ರಿಯ ವಿಸ್ಕಿಯನ್ನು ಈ ಮೂತ್ರ ಪರೀಕ್ಷೆ ಹುಡುಕುವುದೇ ಇಲ್ಲ. ಟ್ರಕ್ ಕೆಲಸಕ್ಕೆ ಸೇರುವ ಮೊದಲು ಡ್ರಗ್ಸ್ ಪರೀಕ್ಷೆ ಕಡ್ಡಾಯ, ಮದ್ಯದ್ದು ಕಂಪನಿಯ ಇಷ್ಟ. ಹಾಗಾಗಿ ಜನ ಕಲಿಯುವುದು ಯಾವುದು ಪತ್ತೆಯಾಗುತ್ತದೆ ಎಂಬುದನ್ನು, ಯಾವುದು ಅಪಾಯ ಎಂಬುದನ್ನಲ್ಲ.

ಕರ್ನಾಟಕದಲ್ಲಿ ಅಪಾಯ ಬಹುಪಾಲು ಎಣ್ಣೆಯದ್ದೇ. 2007ರ ಜುಲೈನಲ್ಲಿ ಸಾರಾಯಿ ನಿಂತಿತು, ಪ್ಯಾಕೆಟ್ ಸಾರಾಯಿಯ ಜಾಗಕ್ಕೆ ನೈಂಟಿ ಬಂತು. ನೈಂಟಿ ಅಂದರೆ 90 ಮಿ.ಲೀ., ಶೇ. 42.8 ಆಲ್ಕೋಹಾಲ್. ಮಿ.ಲೀ.ಗೆ 0.79 ಗ್ರಾಂನಂತೆ ಲೆಕ್ಕ ಹಾಕಿದರೆ ಸುಮಾರು 30 ಗ್ರಾಂ ಶುದ್ಧ ಆಲ್ಕೋಹಾಲ್. ಕ್ವಾರ್ಟರ್‌ನಲ್ಲಿ, ಅಂದರೆ 180 ಮಿ.ಲೀ.ಯಲ್ಲಿ, 61 ಗ್ರಾಂ. ಅಮೆರಿಕದವರ ಒಂದು ಡ್ರಿಂಕ್ ಅಂದರೆ 14 ಗ್ರಾಂ, ಅಂದರೆ ನಮ್ಮ ಒಂದು ಕ್ವಾರ್ಟರ್ ಅವರ ನಾಲ್ಕು ಡ್ರಿಂಕ್‌ಗಿಂತ ಹೆಚ್ಚು. 'ಬಿಯರ್ ತಾನೆ' ಅನ್ನುವವರಿಗೂ ಒಂದು ಲೆಕ್ಕ ಇದೆ: ಶೇ. 8ರ ಸ್ಟ್ರಾಂಗ್ ಬಿಯರ್ 650 ಮಿ.ಲೀ. ಬಾಟಲಿಯಲ್ಲಿ 41 ಗ್ರಾಂ, ನೈಂಟಿಗಿಂತ ಜಾಸ್ತಿ.

ಈಗ ಗಡಿಯಾರ. ಅರವತ್ತು ಕಿಲೋ ತೂಕದ ಗಂಡಸು ಒಂದು ಕ್ವಾರ್ಟರ್ ಕುಡಿದರೆ 100 ಮಿ.ಲೀ. ರಕ್ತದಲ್ಲಿ ಹೆಚ್ಚೂಕಮ್ಮಿ 150 ಮಿ.ಗ್ರಾಂ ಮಟ್ಟಕ್ಕೆ ಲೆಕ್ಕ ಬರುತ್ತದೆ. ದೇಹ ಅದನ್ನು ಕರಗಿಸುವುದು ಗಂಟೆಗೆ ಸುಮಾರು 15. ರಾತ್ರಿ ಹನ್ನೊಂದಕ್ಕೆ ಕುಡಿದು ಬೆಳಗ್ಗೆ ಆರಕ್ಕೆ ಗಾಡಿ ಹತ್ತಿದರೆ ಇನ್ನೂ 45 ಉಳಿದಿರುತ್ತದೆ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಹೇಳುವ ಮಿತಿ 30. ಅಮೆರಿಕದ ಟ್ರಕ್ ಚಾಲಕನಿಗೆ 40 ಬಂದರೆ ಉಲ್ಲಂಘನೆ, 20 ಬಂದರೂ ಆ 24 ಗಂಟೆ ಸ್ಟಿಯರಿಂಗ್ ಮುಟ್ಟುವಂತಿಲ್ಲ. ಹೊಟ್ಟೆ ತುಂಬಿದೆಯೋ ಇಲ್ಲವೋ, ತೂಕ ಎಷ್ಟು, ಗಂಡೋ ಹೆಣ್ಣೋ ಎಂಬುದರ ಮೇಲೆ ಅಂಕಿ ಮೇಲೆ ಕೆಳಗೆ ಆಗುತ್ತದೆ. ನಿದ್ದೆ ಮಾಡಿದ್ದರಿಂದ, ತಣ್ಣೀರು ಸ್ನಾನದಿಂದ, ನಿಂಬೆ ಮಜ್ಜಿಗೆಯಿಂದ, ಫಿಲ್ಟರ್ ಕಾಫಿಯಿಂದ ಮಾತ್ರ ಬೇಗ ಇಳಿಯುವುದಿಲ್ಲ. ಏಲಕ್ಕಿ ಅಗಿದರೆ ವಾಸನೆ ಮುಚ್ಚೀತು, ಊದುವ ಯಂತ್ರ ಅಳೆಯುವುದು ವಾಸನೆಯನ್ನಲ್ಲ. 'ರಾತ್ರಿ ಕುಡಿದಿದ್ದು ಸಾರ್, ಬೆಳಗ್ಗೆ ಮುಟ್ಟಿಲ್ಲ' ಎಂದು ಡಿಪೋ ಗೇಟಿನಲ್ಲಿ ಹೇಳುವವನು ಸುಳ್ಳು ಹೇಳುತ್ತಿರುವುದಿಲ್ಲ. ಅವನಿಗೆ ಯಾರೂ ಈ ಲೆಕ್ಕ ಹಾಕಿ ತೋರಿಸಿಲ್ಲ.

ಹಾಗಂತ ನಮ್ಮ ಪದ್ಧತಿ ಕಳಪೆ ಅಂತಲ್ಲ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಎಂಟು ದಿನದ ಮದ್ಯವರ್ಜನ ಶಿಬಿರಕ್ಕೆ ಸಾಟಿಯಾದದ್ದು ಅಮೆರಿಕದ ಕೆಲಸದ ಲೋಕದಲ್ಲಿ ನನಗೆ ಕಂಡಿಲ್ಲ. ಊರಿನ ಸಭಾಭವನದಲ್ಲೇ ಶಿಬಿರ, ಹೆಂಡತಿ ಮಕ್ಕಳಿಗೂ ಅದರಲ್ಲಿ ಪಾಲು, ಮುಗಿದ ಮೇಲೆ ನವಜೀವನ ಸಮಿತಿಯ ಬೆಂಬಲ. ಬಿಟ್ಟ ಮನುಷ್ಯನನ್ನು ಊರೇ ಕಾಯುತ್ತದೆ. ಇಲ್ಲಿ ಅವನು ಒಂದು ಫೈಲ್, ಅಷ್ಟೆ. ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗವಂತೂ ದೇಶಕ್ಕೇ ಹೆಸರಾದದ್ದು. ಕೊರತೆ ಇರುವುದು ಇವೆರಡರ ಹಿಂದಿನ ಮೆಟ್ಟಿಲಲ್ಲಿ. ಇನ್ನೂ ಚಟವಾಗಿಲ್ಲದ, ವಾರಕ್ಕೆರಡು ಸಲ ಕುಡಿಯುವ, ಐಟಿಐ ಮುಗಿಸಿ ಫ್ಯಾಕ್ಟರಿ ಗೇಟಿನ ಮುಂದೆ ನಿಂತ ಇಪ್ಪತ್ತೈದರ ಹುಡುಗನಿಗೆ ಶಿಬಿರವೂ ಬೇಡ, ಆಸ್ಪತ್ರೆಯೂ ಬೇಡ. ಮದ್ಯಪಾನ ಸಂಯಮ ಮಂಡಳಿಯ ಪೋಸ್ಟರ್ ನೋಡಿ 'ಇದು ನನಗಲ್ಲ' ಅಂದುಕೊಂಡು ಮುಂದೆ ಹೋಗುತ್ತಾನೆ.

ಅವನಿಗೆ ಒಂದು ಮಧ್ಯಾಹ್ನ ಸಾಕು. ಉದ್ಯೋಗ ಮೇಳದ ಹಿಂದಿನ ದಿನವೋ, ಡ್ರೈವಿಂಗ್ ಸ್ಕೂಲಿನ ಕೊನೆಯ ವಾರವೋ, ಒಂದು ತಂಡಕ್ಕೆ ಇಪ್ಪತ್ತು ಜನ ಮೀರದಂತೆ. ಬೇಕಾಗುವ ಸಾಮಾನು: ಸ್ಟೀಲ್ ಲೋಟಗಳು, ಬಣ್ಣದ ನೀರು, ಮಿ.ಲೀ. ಗುರುತಿರುವ ಔಷಧದ ಅಳತೆ ಲೋಟ. ಮೊದಲು ಯಾವ ಅಳತೆಯೂ ಇಲ್ಲದೆ ಕಣ್ಣಂದಾಜಿನಲ್ಲಿ ಒಂದು ಅರವತ್ತು ಸುರಿಯಲು ಹೇಳಿ, ಆಮೇಲೆ ಅಳೆಯಿರಿ. ಅಗಲ ಲೋಟದಲ್ಲಿ ಮಟ್ಟ ಕಮ್ಮಿ ಕಾಣುವುದರಿಂದ ಕೈ ಹೆಚ್ಚು ಸುರಿಯುತ್ತದೆ. ಅದು ಕಣ್ಣಿಗೆ ಬಿದ್ದ ಮೇಲೆ ಮೇಲಿನ ಗ್ರಾಂ ಲೆಕ್ಕ, ಗಂಟೆ ಲೆಕ್ಕವನ್ನು ಅವರ ಕೈಯಲ್ಲೇ, ಅವರವರ ತೂಕಕ್ಕೆ ಹಾಕಿಸಬೇಕು. ಮುಂದೆ ಕುಡಿತದ ಅಭ್ಯಾಸ ಅಳೆಯುವ ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಪ್ರಶ್ನಾವಳಿ: ಹತ್ತು ಪ್ರಶ್ನೆ, ಒಟ್ಟು 40 ಅಂಕ, 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಎಚ್ಚರ ಬೇಕು. ಅವರೇ ತುಂಬಿ, ಅವರೇ ಕೂಡಿಸಿ, ಹಾಳೆ ಅವರೇ ಇಟ್ಟುಕೊಳ್ಳಬೇಕು. ಇದರಲ್ಲಿ ನಾನು ಹಟಮಾರಿ. ಹಾಳೆ ವಾಪಸ್ ತೆಗೆದುಕೊಂಡರೆ ಇಪ್ಪತ್ತೂ ಜನ ಸೊನ್ನೆ ಬರೆಯುತ್ತಾರೆ.

ಅದೇ ದಿನ ಹೇಳಲೇಬೇಕಾದ ಇನ್ನೊಂದು ವಿಷಯವಿದೆ. ದಿನಾ ಬೆಳಗ್ಗೆಯಿಂದಲೇ ಕುಡಿಯುವವನು ಮೆಡಿಕಲ್ ಇದೆ ಅಂತ ಏಕಾಏಕಿ ನಿಲ್ಲಿಸಬಾರದು. ಆರೇಳು ಗಂಟೆಯಲ್ಲಿ ಕೈ ನಡುಕ, ಬೆವರು ಶುರುವಾಗುತ್ತದೆ, ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದೊಳಗೆ ಇಲ್ಲದ್ದು ಕಾಣಿಸಿ ಮಾತು ತಪ್ಪಬಹುದು. ಇದರಿಂದ ಜೀವ ಹೋಗುವುದುಂಟು. ಪ್ರತಿಜ್ಞೆ ಮಾಡಿಸುವ ಉತ್ಸಾಹದಲ್ಲಿ ಇದನ್ನು ಮರೆಯುವಂತಿಲ್ಲ, ಅಂಥವನನ್ನು ಮೊದಲು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಕೇಳಲು ಯಾರೂ ಇಲ್ಲದಿದ್ದರೆ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416.

ಇನ್ನು ವಾಪಸ್ ಬರುವ ದಾರಿ. ಅಮೆರಿಕದಿಂದ ನಾವು ಎರವಲು ತರಬೇಕಾದ್ದು ಇದನ್ನೇ. ಪಾಸಿಟಿವ್ ಬಂದ ಅರ್ಜಿದಾರನಿಗೂ, ಇನ್ನೂ ಕೆಲಸಕ್ಕೇ ಸೇರದವನಿಗೂ, ಕಂಪನಿ ವ್ಯಸನ ಪರಿಣತರ ಪಟ್ಟಿ ಕೊಡಲೇಬೇಕು. ಪರಿಣತರು ಮಾತಾಡಿಸಿ, ತರಗತಿ ಸಾಕೋ ಚಿಕಿತ್ಸೆ ಬೇಕೋ ಬರೆಯುತ್ತಾರೆ. ಅದು ಮುಗಿದ ಮೇಲೆ ಅವರೇ ಮತ್ತೆ ನೋಡುತ್ತಾರೆ. ಬಳಿಕ ಒಬ್ಬರ ಕಣ್ಣೆದುರೇ ಕೊಡುವ ಮೂತ್ರ ಪರೀಕ್ಷೆ. ಪಾಸಾದರೆ ಕೆಲಸಕ್ಕೆ ಅರ್ಹ, ಮುಂದಿನ 12 ತಿಂಗಳಲ್ಲಿ ಕನಿಷ್ಠ ಆರು ಸಲ ಹೇಳದೆ ಕೇಳದೆ ಪರೀಕ್ಷೆ, ಬೇಕಾದರೆ ಐದು ವರ್ಷದವರೆಗೂ. ಖರ್ಚು ಯಾರದ್ದು ಎಂದು ನಿಯಮ ಹೇಳದಿರುವುದರಿಂದ ಅದು ಬಹಳ ಸಲ ಕೆಲಸವಿಲ್ಲದವನ ತಲೆಗೇ ಬರುತ್ತದೆ, ಇದು ಈ ಪದ್ಧತಿಯ ಕ್ರೌರ್ಯ. ಆದರೂ ಮೆಟ್ಟಿಲುಗಳು ಬರಹದಲ್ಲಿವೆ. ನಮ್ಮಲ್ಲಿ ಗೇಟಿನ ಯಂತ್ರ ಕೆಂಪು ತೋರಿಸಿದರೆ ಸೆಕ್ಯುರಿಟಿಯವನು 'ನಾಳೆಯಿಂದ ಬರಬೇಡ' ಅಂದುಬಿಡಬಹುದು. ಬಾಯಲ್ಲಿ ಉಳಿದ ಮದ್ಯದಿಂದ ಅಂಕಿ ಏರಿತೇ ಎಂದು 15 ನಿಮಿಷ ಕಾದು ಎರಡನೇ ಸಲ ಊದಿಸುವ ಸೌಜನ್ಯವೂ ಎಲ್ಲ ಕಡೆ ಇರುವುದಿಲ್ಲ.

ಹಾಗಾಗಿ ಮೇಳಕ್ಕೆ ಬರುವ ಕಂಪನಿಗಳನ್ನು ಅಭ್ಯರ್ಥಿಗಳು ಮೂರು ಪ್ರಶ್ನೆ ಕೇಳಲಿ: ನಿಮ್ಮ ಮಿತಿ ಎಷ್ಟು? ಮೊದಲ ಸಲ ಮಿತಿ ದಾಟಿದರೆ ಎರಡನೇ ಪರೀಕ್ಷೆ ಎಷ್ಟು ಹೊತ್ತಿಗೆ? ಶಿಬಿರಕ್ಕೋ ಆಸ್ಪತ್ರೆಗೋ ಹೋಗಿ ಬಂದವನಿಗೆ ಕೆಲಸ ಉಳಿಯುತ್ತದೆಯೇ? ಉತ್ತರ ಬಾಯಿಮಾತಿನಲ್ಲಿ ಬೇಡ, ನೇಮಕಾತಿ ಪತ್ರದಲ್ಲೇ ಬರಲಿ.