ರಿಪೋರ್ಟ್‌ನ ದಪ್ಪ ಅಕ್ಷರ

ನಾನು ಸಿಂಧನೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. 14 ವರ್ಷದಿಂದ ಮಕ್ಕಳ ರಕ್ತ ತೆಗೆಯುತ್ತಿದ್ದೇನೆ. ಸೂಜಿ ಚುಚ್ಚಿದಾಗ ಮಗು ಎರಡು ನಿಮಿಷ ಅತ್ತು ಸುಮ್ಮನಾಗುತ್ತದೆ. ಅಪ್ಪ ಅಮ್ಮನ ಸಂಕಟ ಶುರುವಾಗೋದು ರಿಪೋರ್ಟ್ ಕೈಗೆ ಬಂದ ಮೇಲೆ.

ಹೋದ ತಿಂಗಳು ತುರ್ವಿಹಾಳ ಕಡೆಯ ರೈತರೊಬ್ಬರು ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ಬಂದರು. ಬೇರೆ ಕಡೆ ಮಾಡಿಸಿದ ರಿಪೋರ್ಟ್ ಅಂಗಿ ಜೇಬಿನಲ್ಲಿತ್ತು. ಮಡಚಿ ಮಡಚಿ ಮಡಿಕೆಯೇ ಹರಿಯೋಕೆ ಬಂದಿತ್ತು. ಒಂದು ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದಿದ್ದರು. ಆಲ್ಕಲೈನ್ ಫಾಸ್ಫಟೇಸ್ ಅನ್ನೋ ರಕ್ತದ ಕಿಣ್ವ 290, ದಪ್ಪ ಅಕ್ಷರದಲ್ಲಿ. ಪಕ್ಕದಲ್ಲಿ ಸಹಜ ರೇಂಜ್ 40ರಿಂದ 130 ಅಂತ ಇತ್ತು, ಅದನ್ನು ಮೀರಿದ್ದಕ್ಕೇ ದಪ್ಪ ಅಕ್ಷರ.

"ಲಿವರ್ ಕೆಟ್ಟೈತಂತ್ರಿ ಸರ. ಬಳ್ಳಾರಿಗೆ ಒಯ್ಯಾಕ ರೊಕ್ಕ ಹೊಂದಿಸಾಕತ್ತೀನಿ."

ಯಾರು ಹೇಳಿದರು ಅಂತ ಕೇಳಿದೆ. ಊರಿನ ಹುಡುಗನೊಬ್ಬ ಮೊಬೈಲಿನಲ್ಲಿ ನೋಡಿ ಹೇಳಿದ್ದನಂತೆ. ಡಾಕ್ಟರ್‌ಗೆ ತೋರಿಸಲಿಲ್ವಾ?

"ತೋರಿಸೀನ್ರಿ. ಏನಿಲ್ಲ ಹೋಗು ಅಂದ್ರು. ಏನಿಲ್ಲ ಅಂದ್ರ ಮತ್ತ ದಪ್ಪ ಅಕ್ಷರ ಯಾಕ್ರಿ?"

ಅವರು ಕೇಳಿದ್ದು ಸರಿ. ಡಾಕ್ಟರ್ ಹೇಳಿದ್ದೂ ಸರಿ. ಆದರೆ ನಡುವೆ ಒಂದು ಮಾತನ್ನು ಯಾರೂ ಹೇಳಿರಲಿಲ್ಲ. ಆ 40ರಿಂದ 130 ಅನ್ನೋದು ದೊಡ್ಡವರ ಲೆಕ್ಕ. ಈ ಕಿಣ್ವ ಲಿವರ್‌ನಿಂದ ಮಾತ್ರ ಬರೋದಲ್ಲ, ಮೂಳೆಯಿಂದಲೂ ಬರುತ್ತದೆ. ಮಕ್ಕಳ ಮೂಳೆ ಬೆಳೆಯುತ್ತಾ ಇರುತ್ತದೆ, ಹಾಗಾಗಿ ಅವರಲ್ಲಿ ಇದು ದೊಡ್ಡವರಿಗಿಂತ ತುಂಬಾ ಜಾಸ್ತಿ ಇರೋದೇ ಸಹಜ. ಕಂಪ್ಯೂಟರ್‌ನಲ್ಲಿ ದೊಡ್ಡವರ ರೇಂಜ್ ಒಂದನ್ನೇ ತುಂಬಿಸಿಟ್ಟರೆ ಅದು ನಾಲ್ಕು ವರ್ಷದ ಕೂಸಿಗೂ ಅದನ್ನೇ ಅಚ್ಚು ಹಾಕುತ್ತದೆ. ನನ್ನ ಫೋನ್‌ನಿಂದಲೇ ಅದೇ ಡಾಕ್ಟರ್ ಜೊತೆ ಮಾತಾಡಿಸಿದೆ. ಇಷ್ಟನ್ನೇ ಅವರು ಬಿಡಿಸಿ ಹೇಳಿದರು. ಆ ಅಪ್ಪ ಫೋನ್ ವಾಪಸ್ ಕೊಟ್ಟು, ಬೆಂಚಿನ ಮೇಲೆ ಕೂತು, ಬಹಳ ಹೊತ್ತು ಮಗಳ ತಲೆ ಸವರುತ್ತಿದ್ದರು. ಎಂಟು ದಿನ ಆ ಮನೆಯಲ್ಲಿ ಯಾರೂ ನೆಟ್ಟಗೆ ಊಟ ಮಾಡಿರಲಿಲ್ಲ.

ಬಿಳಿ ರಕ್ತಕಣದ ಲೆಕ್ಕವೂ ಹೀಗೇ. ಸಣ್ಣ ಮಕ್ಕಳಲ್ಲಿ ಲಿಂಫೋಸೈಟ್ ಅನ್ನೋ ಒಂದು ಬಗೆಯ ಬಿಳಿ ಕಣ ಜಾಸ್ತಿ ಇರುತ್ತದೆ, ನಾಲ್ಕೈದು ವರ್ಷದ ಹೊತ್ತಿಗೆ ತಾನೇ ಬದಲಾಗುತ್ತದೆ.

ಇನ್ನೊಂದು ಕಡೆ, ನಿಜವಾಗಿ ಚಿಂತೆ ಮಾಡಬೇಕಾದ್ದನ್ನು ನಾವು ಬಿಟ್ಟುಬಿಡುತ್ತೇವೆ. ಹಿಮೋಗ್ಲೋಬಿನ್ 8 ಅಂತ ಬಂದರೂ "ನಮ್ಮ ಕಡಿ ಹುಡುಗ್ರಿಗೆಲ್ಲಾ ಇಷ್ಟೇ ಇರತೈತಿ" ಅಂತಾರೆ. ಎಲ್ಲರಿಗೂ ಇದೆ ಅಂದ ಮಾತ್ರಕ್ಕೆ ಅದು ಸರಿ ಆಗೋದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಕ್ಕಳಿಗೆ ರಕ್ತಹೀನತೆ ಇತ್ತು. ಎರಡರಿಂದ ಐದು ವರ್ಷದ ಮಗುವಿಗೆ ಕಡಿಮೆ ಅಂದರೂ 11 ಇರಬೇಕು, ಐದರಿಂದ ಹನ್ನೊಂದು ವರ್ಷದವರಿಗೆ 11.5.

ಡಾಕ್ಟರ್ ಕಬ್ಬಿಣದ ಟಾನಿಕ್ ಬರೆದುಕೊಡುತ್ತಾರೆ. ನಾಲ್ಕು ದಿನಕ್ಕೆ ಮಗು ಕಪ್ಪಗೆ ಕಕ್ಕಸ್ಸು ಮಾಡುತ್ತದೆ. ತಾಯಿ ಹೆದರಿ ಬಾಟ್ಲಿ ಮೇಲಿಡುತ್ತಾಳೆ. ನಾನು ಎಷ್ಟು ಮನೆಯಲ್ಲಿ ಇದನ್ನು ನೋಡಿದ್ದೇನೋ! ಆ ಟಾನಿಕ್ ಕುಡಿದರೆ ಕಪ್ಪಗೆ ಆಗೋದು ಸಹಜ, ಮೊದಲೇ ಹೇಳಿಬಿಟ್ಟಿದ್ದರೆ ಆ ತಾಯಿ ನಿಲ್ಲಿಸುತ್ತಿರಲಿಲ್ಲ. ರಕ್ತ ಏರಿತು ಅಂತ ತಿಂಗಳಿಗೇ ಬಿಡಬಾರದು. ಮೈಯಲ್ಲಿ ಕಬ್ಬಿಣ ಕೂಡಿಬರೋಕೆ ಇನ್ನೂ ಕೆಲವು ತಿಂಗಳು ಬೇಕು, ಎಷ್ಟು ಅಂತ ಡಾಕ್ಟರ್ ಹೇಳುತ್ತಾರೆ. ಮತ್ತೆ ನಮ್ಮ ಕಡೆ ಸಣ್ಣ ಮಕ್ಕಳಿಗೂ ಬೆಳಿಗ್ಗೆ ಚಾದಲ್ಲಿ ಬಿಸ್ಕಿಟ್ಟು, ರೊಟ್ಟಿ ಅದ್ದಿ ಕೊಡುತ್ತೇವಲ್ವಾ, ಅದನ್ನು ದಯವಿಟ್ಟು ಬಿಡಿ. ಊಟದಲ್ಲಿರುವ ಕಬ್ಬಿಣವನ್ನು ಚಹಾ ಮೈಗೆ ಹತ್ತಗೊಡೋದಿಲ್ಲ. ಪಲ್ಯಕ್ಕೆ ಲಿಂಬೆಹಣ್ಣು ಹಿಂಡಿ ಕೊಡಿ, ಅದು ಹತ್ತೋಕೆ ಸಹಾಯ ಮಾಡುತ್ತದೆ.

ಜ್ವರ ಬಂದ ಮರುದಿನವೇ "ಟೈಫಾಯಿಡ್ ಟೆಸ್ಟ್ ಮಾಡ್ರಿ" ಅಂತ ತಾವಾಗೇ ಬರುವವರೂ ಇದ್ದಾರೆ. ಟೈಫಾಯಿಡ್‌ಗೆ ಮಾಡುವ ವಿಡಾಲ್ ಟೆಸ್ಟ್‌ನಲ್ಲಿ ಮೊದಲ ವಾರ ಸಾಮಾನ್ಯವಾಗಿ ಏನೂ ಕಾಣೋದಿಲ್ಲ. ಹಿಂದೆ ಯಾವಾಗಲೋ ಬಂದು ಹೋಗಿದ್ದರೂ ಪಾಸಿಟಿವ್ ತೋರಿಸಬಹುದು. ಯಾವ ಟೆಸ್ಟ್, ಯಾವಾಗ ಅನ್ನೋದನ್ನು ಮಗುವನ್ನು ಮುಟ್ಟಿ ನೋಡಿದ ಡಾಕ್ಟರ್ ಹೇಳಲಿ.

ಡಾಕ್ಟರ್ ಮುಂದೆ ನಾವು ಸುಮ್ನೆ ತಲೆ ಆಡಿಸಿ ಹೊರಗೆ ಬರುತ್ತೇವೆ. ಹೊರಗೆ ಬಂದು ಮೆಡಿಕಲ್ ಶಾಪ್‌ನವರನ್ನು, ಪಕ್ಕದ ಮನೆಯವರನ್ನು, ಮೊಬೈಲನ್ನು ಕೇಳುತ್ತೇವೆ. ಆ ಪ್ರಶ್ನೆಯನ್ನು ಒಳಗೇ ಕೇಳಿ. "ಸರ, ಈ ಲೆಕ್ಕ ನನ್ನ ಮಗುವಿನ ವಯಸ್ಸಿಗೆ ಸರಿ ಐತೇನ್ರಿ? ಏನು ಕಂಡ್ರ ಮತ್ತ ಕರಕೊಂಡು ಬರಬೇಕ್ರಿ?" ಇಷ್ಟು ಕೇಳಿದರೆ ಯಾರ ದೊಡ್ಡಸ್ತಿಕೆಗೂ ಕುಂದಿಲ್ಲ. ಡಾಕ್ಟರ್‌ಗಳ ಮುಂದೆ ನೂರು ಜನ ನಿಂತಿರುತ್ತಾರೆ, ಅದು ನನಗೆ ಗೊತ್ತು. ಆದರೂ ಅರ್ಧ ನಿಮಿಷದ ಆ ಒಂದು ಮಾತು ಸಿಕ್ಕಿದ್ದರೆ ಆ ರೈತ ಬಡ್ಡಿಗೆ ಸಾಲ ಕೇಳುತ್ತಿರಲಿಲ್ಲ.

ಲ್ಯಾಬ್‌ನಲ್ಲಿ ಕೆಲಸ ಮಾಡುವ ಗೆಳೆಯರೇ, ನಿಮ್ಮ ಕಂಪ್ಯೂಟರ್‌ನಲ್ಲಿರುವ ರೇಂಜ್‌ಗಳನ್ನೂ ಒಮ್ಮೆ ತೆಗೆದು ನೋಡಿ. ನಮ್ಮದರಲ್ಲೂ ಎರಡು ವರ್ಷದ ಹಿಂದಿನವರೆಗೆ ದೊಡ್ಡವರ ರೇಂಜ್ ಒಂದೇ ಇತ್ತು. ಸಾಫ್ಟ್‌ವೇರ್‌ನವರಿಗೆ ಹೇಳಿ ವಯಸ್ಸಿಗೆ ತಕ್ಕ ಹಾಗೆ ಹಾಕಿಸಿದೆವು. ಒಂದು ಮಧ್ಯಾಹ್ನದ ಕೆಲಸ.