ಪರ್ಮಿಟ್ ಬೇಡ ಅಂದ ಮೇಲೆ ಬೇಡ ಅಷ್ಟೇ

ಹೋದ ವಾರ ಸಿರುಗುಪ್ಪದಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಟಾಟಾ ಏಸ್‌ನಲ್ಲಿ ಹಸಿಮೆಣಸಿನಕಾಯಿ ತುಂಬಿಕೊಂಡು ಆದೋನಿಗೆ ಹೊರಟವನನ್ನು ಗಡಿ ದಾಟಿದ ಮೇಲೆ ತಡೆದು ಪರ್ಮಿಟ್ ಕೇಳಿದ್ದಾರೆ. ಈ ಗಾಡಿಗೆ ಪರ್ಮಿಟ್ ಬೇಕಾಗಿಲ್ಲ ಸಾರ್ ಅಂದಿದ್ದಾನೆ. "ನಮಗೇ ಕಾನೂನು ಹೇಳ್ತೀಯಾ?" ಅಂತ ಬಿಸಿಲಲ್ಲಿ ನಿಲ್ಲಿಸಿ, ಕಾಯಿ ಬಾಡೋಕೆ ಶುರುವಾದ ಮೇಲೆ ಇನ್ನೂರು ರೂಪಾಯಿ ಇಸ್ಕೊಂಡು ಬಿಟ್ಟಿದ್ದಾರೆ. ರಸೀದಿ ಇಲ್ಲ. ದುಡ್ಡು ಹೋದರೆ ಹೋಗಲಿ, ಆದರೆ ಹುಡುಗ ಹೇಳಿದ್ದು ಸರಿ ಇತ್ತು. ನನಗೆ ಚುಚ್ಚಿದ್ದು ಅದೇ.

1988ರ ಮೋಟಾರು ವಾಹನ ಕಾಯ್ದೆಯ 66ನೇ ಕಲಮಿನಲ್ಲೇ ಇದು ಇದೆ. ಗಾಡಿಯ ಒಟ್ಟು ತೂಕ, ಅಂದರೆ ಲೋಡೂ ಸೇರಿ, 3,000 ಕೆಜಿ ಮೀರದಿದ್ದರೆ ಸರಕು ಸಾಗಿಸೋಕೆ ಪರ್ಮಿಟ್ ಬೇಡ. ಹಸಿ ತರಕಾರಿಗೆ ಜಿಎಸ್‌ಟಿ ಇಲ್ಲ, ಮಾಲು ಸಾಗಿಸೋಕೆ ಆನ್‌ಲೈನಲ್ಲಿ ತೆಗೆಸುವ ಇ-ವೇ ಬಿಲ್ಲೂ ಬೇಡ. ಅದೇ ಕಾಯಿ ಒಣಗಿಸಿ, ವ್ಯಾಪಾರಿಯೊಬ್ಬ 50,000 ರೂಪಾಯಿ ಮೀರಿದ ಮಾಲು ರಾಜ್ಯ ದಾಟಿಸಿದರೆ ಆಗ ಇ-ವೇ ಬಿಲ್ ಬೇಕು. ಎಷ್ಟು ಸರಳ ಇದೆ ನೋಡಿ. ಆದರೆ ಗಡಿಯಲ್ಲಿ ನಿಂತವರಿಗೆ ಈ ವಿನಾಯಿತಿ ಕಿವಿಗೇ ಬೀಳೋದಿಲ್ಲ.

ನಾನು ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿ ಸಣ್ಣ ಲಾರಿ ಮಾಲೀಕರ ಕಾಗದಪತ್ರ ಮಾಡಿಕೊಡುವ ಆಫೀಸಿನಲ್ಲಿದ್ದೇನೆ. ಬರುವವರಲ್ಲಿ ಪಂಜಾಬಿಗಳೇ ಜಾಸ್ತಿ. ಇಲ್ಲಿ ಒಟ್ಟು ತೂಕ 10,001 ಪೌಂಡ್, ಅಂದರೆ ಸುಮಾರು 4,536 ಕೆಜಿ, ಅಥವಾ ಅದಕ್ಕಿಂತ ಜಾಸ್ತಿ ಇರುವ ಗಾಡಿ ವ್ಯಾಪಾರಕ್ಕೆ ರಾಜ್ಯ ದಾಟಿದರೆ ಕೇಂದ್ರ ಸಾರಿಗೆ ಇಲಾಖೆ ಕೊಡುವ ಡಿಒಟಿ ನಂಬರ್ ಬೇಕು. ಅದಕ್ಕೆ ಫೀಸಿಲ್ಲ. ಬೇರೆಯವರ ಮಾಲನ್ನು ಬಾಡಿಗೆಗೆ ಒಯ್ಯುವವನಾದರೆ ಅದರ ಮೇಲೆ ಆಪರೇಟಿಂಗ್ ಅಥಾರಿಟಿ ಅನ್ನೋ ಅನುಮತಿ ಬೇರೆ ಬೇಕು, ಅದಕ್ಕೆ 300 ಡಾಲರ್. ಸ್ವಂತ ಮಾಲು ಒಯ್ಯುವವನಿಗೆ ಅಥಾರಿಟಿ ಬೇಡ. ಸಂಸ್ಕರಿಸದ ಬೆಳೆ ಬಾಡಿಗೆಗೆ ಒಯ್ಯುವವನಿಗೂ ಬೇಡ.

ನಮ್ಮಲ್ಲಿಗೆ ಬರುವ ಒಬ್ಬ ಡ್ರೈವರ್‌ನ ಕಥೆ ಹೇಳುತ್ತೇನೆ. ಅವನದು ಒಂದೇ ಲಾರಿ, ಅಥಾರಿಟಿ ಮಾಡಿಸಿಲ್ಲ. ಹಸಿ ಟೊಮ್ಯಾಟೊ ತುಂಬಿಕೊಂಡು ನೆವಾಡಾಗೆ ಹೊರಟಿದ್ದ. ದಾರಿಯಲ್ಲಿ ಲಾರಿ ತೂಕ ನೋಡುವ ಕಾಟಾದಲ್ಲಿ ಅಧಿಕಾರಿ ಬಾಗಿಲ ಮೇಲಿನ ನಂಬರ್ ಒತ್ತಿ ನೋಡಿದ (ಆ ನಂಬರ್ ಹಗಲಲ್ಲಿ 50 ಅಡಿ ದೂರದಿಂದ ಓದೋ ಹಾಗೆ ಎರಡೂ ಬದಿ ಬರೆಸಬೇಕು, ಅದೂ ರೂಲು), ಮಾಲಿನ ವಿವರ ಇರುವ ಬಿಲ್ಟಿ ಓದಿದ, ಹಸಿ ಟೊಮ್ಯಾಟೊ ಅಂತ ಕಂಡಿತು, ಹೋಗು ಅಂದ. ಅಥಾರಿಟಿ ಮಾತೇ ಎತ್ತಲಿಲ್ಲ. ವಾಪಸ್ ಬರುವಾಗ ಅದೇ ಡ್ರೈವರ್‌ಗೆ ಡಬ್ಬಿ ಸಾಸಿನ ಬಾಡಿಗೆ ಸಿಕ್ಕಿತ್ತು. ಸಾಸ್ ಅಂದರೆ ಸಂಸ್ಕರಿಸಿದ ಮಾಲು, ವಿನಾಯಿತಿ ಇಲ್ಲ. ಬಾಡಿಗೆ ಬಿಟ್ಟು ಖಾಲಿ ಗಾಡಿ ಓಡಿಸಿಕೊಂಡು ಬಂದ. ರೂಲು ಏನು ಅಂತ ಅವನಿಗೂ ಗೊತ್ತು, ಕಾಟಾದವನಿಗೂ ಗೊತ್ತು. ಇಬ್ಬರಿಗೂ ಗೊತ್ತಿದ್ದರೆ ಜಗಳ ಯಾಕೆ ಬರುತ್ತೆ ಹೇಳಿ?

ನಮ್ಮ ಕಡೆ ಹೀಗಾಗೋಕೆ ಏನು ಅಡ್ಡಿ? ಆರ್‌ಸಿಯಲ್ಲಿ ಒಟ್ಟು ತೂಕ ಇದ್ದೇ ಇದೆ, ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ಗಾಡಿ ನಂಬರ್ ಹಾಕಿದರೆ ಎಲ್ಲ ಕಾಣುತ್ತೆ. ಅಲ್ಲೇ "ಪರ್ಮಿಟ್ ಬೇಡ" ಅಂತ ಒಂದು ಸಾಲು ತೋರಿಸಿದರೆ ಆ ಹುಡುಗ ಬಾಯಿ ಬಿಡೋದೇ ಬೇಕಾಗಿರಲಿಲ್ಲ. ಅದಿರಿನ ಕಾಲದಲ್ಲಿ ಬಳ್ಳಾರಿ-ಹೊಸಪೇಟೆ ರಸ್ತೆ ನೋಡಿದವರಿಗೆ ಗೊತ್ತು, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸುವ ತನಕ ಮಿತಿ ಮೀರಿ ತುಂಬಿದ ಲಾರಿಗಳು ಹಗಲೂ ರಾತ್ರಿ ಹೇಗೆ ಓಡಿದವು ಅಂತ. ಅವನ್ನು ಬಿಟ್ಟವರು ಮೆಣಸಿನಕಾಯಿ ಗಾಡಿ ಹಿಡಿಯುತ್ತಾರೆ ಅಂದರೆ ಹೊಟ್ಟೆ ಉರಿಯುತ್ತೆ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದನ್ನೂ ಹೇಳಲೇಬೇಕು, ಮನಸ್ಸಿಲ್ಲದಿದ್ದರೂ. ಇಲ್ಲಿ ವಿನಾಯಿತಿ ಸಿಗದ ಮಾಲೀಕನ ಪಾಡು ಸುಲಭವಲ್ಲ. 7,50,000 ಡಾಲರ್‌ನ ವಿಮೆ ಇರಬೇಕು, ಓಡಾಡುವ ಪ್ರತಿ ರಾಜ್ಯದಲ್ಲೂ ಕೋರ್ಟ್ ನೋಟಿಸ್ ತಗೊಳ್ಳೋಕೆ ಏಜೆಂಟ್ ಇರಬೇಕು, ಯುಸಿಆರ್ ಅನ್ನೋ ನೋಂದಣಿಯ ಫೀಸು ವರ್ಷಾವರ್ಷ ಕಟ್ಟಬೇಕು. ಹೊಸಬನಾದರೆ ಸೇಫ್ಟಿ ಆಡಿಟ್ ಬೇರೆ. ದೊಡ್ಡ ಲಾರಿಗೆ ಯಾವ ರಾಜ್ಯದಲ್ಲಿ ಎಷ್ಟು ಮೈಲಿ ಓಡಿತು, ಎಲ್ಲಿ ಎಷ್ಟು ಡೀಸೆಲ್ ಹಾಕಿಸಿದ ಅಂತ ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಟ್ಟು ಇಂಧನ ತೆರಿಗೆ ಹೊಂದಿಸಬೇಕು. ಆ ತಿಂಗಳು ನಮ್ಮ ಆಫೀಸಿನ ಟೇಬಲ್ಲಿನ ಮೇಲೆ ಬರೀ ಬಂಕಿನ ಚೀಟಿಗಳೇ.

ಗಂಗಾವತಿಯಿಂದ ಅಕ್ಕಿ ತುಂಬಿಕೊಂಡು ಕೇರಳಕ್ಕೆ ಹೋಗುವ ಲಾರಿ ಮಾಲೀಕನಿಗೆ ಈ ರಾಮಾಯಣ ಇಲ್ಲ. 2010ರಲ್ಲಿ ನ್ಯಾಷನಲ್ ಪರ್ಮಿಟ್ ಬದಲಾದ ಮೇಲೆ ರಾಜ್ಯಕ್ಕೊಂದು ಡಿಡಿ ತೆಗೆಸೋದು ತಪ್ಪಿತು, ವರ್ಷಕ್ಕೊಂದು ಒಟ್ಟು ಫೀಸು ಕಟ್ಟಿದರೆ ದೇಶವೆಲ್ಲ ಓಡಾಡಬಹುದು. ಡೀಸೆಲ್ ತೆರಿಗೆ ಬಂಕಿನಲ್ಲೇ ಮುಗಿಯುತ್ತೆ. ಇದನ್ನು ಮಾಡಿದವರು ಒಳ್ಳೇ ಕೆಲಸ ಮಾಡಿದ್ದಾರೆ, ಇಲ್ಲಿನ ಮಾಲೀಕರಿಗೆ ಹೇಳಿದರೆ ನಂಬೋದೇ ಇಲ್ಲ. ದೊಡ್ಡ ಲಾರಿಗೆ ಇಷ್ಟು ಮಾಡಿಕೊಟ್ಟ ಸರ್ಕಾರಕ್ಕೆ ಟಾಟಾ ಏಸ್‌ನವನ ಆರ್‌ಸಿಯಲ್ಲಿ ಒಂದು ಸಾಲು ಸೇರಿಸೋದು ಕಷ್ಟವಲ್ಲ, ಅಲ್ವಾ?