ಶ್ರಾವಣದ ಜಿಟಿಜಿಟಿ ಮಳೆ ಮತ್ತು ಕಾರ್ಬ್ಯುರೇಟರ್‌ನೊಳಗಿನ ಹಿಮ

ವಿಮಾನದ ಎಂಜಿನ್ನಿಗೆ ಗಾಳಿ ಮತ್ತು ಇಂಧನ ಬೆರೆಸಿ ಕೊಡುವ ಕಾರ್ಬ್ಯುರೇಟರ್‌ನಲ್ಲಿ ಹಿಮ ಕಟ್ಟುತ್ತದೆ ಅಂದರೆ ನಮ್ಮ ಕಡೆ ಬಹಳ ಜನ ಅದು ಹಿಮಾಲಯದವರ ಚಿಂತೆ ಅಂದುಕೊಳ್ಳುತ್ತಾರೆ. ಪೈಲಟ್ ತರಬೇತಿಗೆ ಹೊರಟಿರುವ ಹುಬ್ಬಳ್ಳಿ-ಧಾರವಾಡದ ತಮ್ಮಂದಿರು, ತಂಗಿಯರು ಈ ತಪ್ಪು ತಿಳಿವಳಿಕೆಯನ್ನು ಮೊದಲು ಬಿಡಬೇಕು. ಧಾರವಾಡದಲ್ಲಿ ಶ್ರಾವಣದ ಜಿಟಿಜಿಟಿ ಮಳೆ ಹಿಡಿದಾಗ ತಾಪಮಾನ 22-23 ಡಿಗ್ರಿ ಇರುತ್ತದೆ, ತೇವಾಂಶ ಶೇ. 80 ದಾಟಿರುತ್ತದೆ. ಸೆಸ್ನಾ 152ರಂಥ ಸಣ್ಣ ತರಬೇತಿ ವಿಮಾನದ ಎಂಜಿನ್ನಿಗೆ ಹಿಮ ಕಟ್ಟಲು ಹೇಳಿ ಮಾಡಿಸಿದ ಹವೆ ಅದು. ಕೊರೆಯುವ ಒಣ ಚಳಿಯೇ ಎಷ್ಟೋ ವಾಸಿ, ಹಿಮವಾಗಲು ಗಾಳಿಯಲ್ಲಿ ನೀರಾದರೂ ಬೇಕಲ್ಲ.

ಕಾರ್ಬ್ಯುರೇಟರ್‌ನೊಳಗೆ ವೆಂಚುರಿ ಅನ್ನುವ ಕಿರಿದಾದ ದಾರಿಯ ಇಕ್ಕಟ್ಟಿನಲ್ಲಿ ನುಗ್ಗುವ ಗಾಳಿಯ ಒತ್ತಡ ಇಳಿದು ಅದು ತಣ್ಣಗಾಗುತ್ತದೆ. ಅಲ್ಲೇ ಇಂಧನ ಆವಿಯಾಗುತ್ತ ಇನ್ನಷ್ಟು ಶಾಖ ಹೀರುತ್ತದೆ, ಸೂಜಿ ಚುಚ್ಚುವ ಮುಂಚೆ ತೋಳಿಗೆ ಸ್ಪಿರಿಟ್ ಹಚ್ಚಿದಾಗ ಆಗುವಂತೆ. ಎರಡೂ ಸೇರಿ 20ರಿಂದ 30 ಡಿಗ್ರಿ ಇಳಿದುಬಿಡಬಹುದು. ಇಳಿಯಲು ಥ್ರಾಟಲ್ (ಎಂಜಿನ್ನಿನ ಶಕ್ತಿ ಹೆಚ್ಚು-ಕಡಿಮೆ ಮಾಡುವ ಹಿಡಿ) ಎಳೆದಾಗ, ಗಾಳಿಯ ದಾರಿಗೆ ಅಡ್ಡ ತಿರುಗುವ ಬಟರ್‌ಫ್ಲೈ ಬಿಲ್ಲೆಯ ಸುತ್ತ ಉಳಿಯುವುದೇ ಸಣ್ಣ ಸಂದು. ಅದನ್ನು ಮುಚ್ಚಲು ತೆಳು ಪದರ ಸಾಕು.

ಸ್ಥಿರ ಪ್ರೊಪೆಲ್ಲರ್ (ಅಲಗುಗಳ ಕೋನ ಬದಲಾಗದ) ವಿಮಾನದಲ್ಲಿ ಮೊದಲ ಸುಳಿವು ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು, ನಿಧಾನಕ್ಕೆ ಇಳಿಯುವುದು. ಥ್ರಾಟಲ್ ಸ್ವಲ್ಪ ಮುಂದೆ ತಳ್ಳಿ ಸರಿಪಡಿಸಿಕೊಂಡರೆ ರೋಗ ಮುಚ್ಚಿಹೋಗುತ್ತದೆ, ಹಿಮ ಬೆಳೆಯುತ್ತಲೇ ಇರುತ್ತದೆ.

ಇದಕ್ಕೆ ಮದ್ದು ಕಾರ್ಬ್ ಹೀಟ್, ಅಂದರೆ ಕಾರ್ಬ್ಯುರೇಟರ್‌ಗೆ ಬಿಸಿ ಗಾಳಿ ಬಿಡುವ ಗುಬ್ಬಿ (ನಾಬ್). ಅದನ್ನು ಎಳೆದರೆ ಪೂರ್ತಿ ಎಳೆಯಿರಿ. ಕಾರ್ಬ್ಯುರೇಟರ್ ತಾಪಮಾನ ತೋರಿಸುವ ಮೀಟರ್ ಇಲ್ಲದೆ ಅರ್ಧ ಎಳೆಯುವುದು ಅಪಾಯ: ಒಣದಾಗಿಯೇ ಹಾದುಹೋಗುತ್ತಿದ್ದ ಹಿಮದ ಕಣಗಳು ಸ್ವಲ್ಪ ಕರಗಿ ಅಂಟಿಕೊಳ್ಳಬಹುದು. ಇನ್ನು ಈ ಬರಹ ಬರೆಯಲು ಮುಖ್ಯ ಕಾರಣ. ಬಿಸಿ ಗಾಳಿ ತೆಳುವಾದ್ದರಿಂದ ಎಳೆದ ತಕ್ಷಣ ಆರ್‌ಪಿಎಂ ಇನ್ನೂ ಇಳಿಯುತ್ತದೆ. ಆಮೇಲೆ ಕರಗಿದ ನೀರು ಸಿಲಿಂಡರಿಗೆ ಹೋಗಿ ಎಂಜಿನ್ ಕೆಮ್ಮುತ್ತದೆ, ಅದುರುತ್ತದೆ. ‘ಇದರಿಂದಲೇ ಕೆಟ್ಟಿತು’ ಅಂತ ಗಾಬರಿಯಾಗಿ ಗುಬ್ಬಿಯನ್ನು ಒಳಗೆ ತಳ್ಳುವುದು ಇದೇ ಗಳಿಗೆಯಲ್ಲಿ. ತಳ್ಳಬೇಡಿ. ಆ ಕೆಮ್ಮೇ ಹಿಮ ಬಿಡುತ್ತಿರುವ ಗುರುತು. ತಡೆದುಕೊಂಡರೆ ಆರ್‌ಪಿಎಂ ತಾನೇ ಏರುತ್ತದೆ.

ಲೈಕಮಿಂಗ್ ಕಂಪನಿಯ ಎಂಜಿನ್ನಿನಲ್ಲಿ ಕಾರ್ಬ್ಯುರೇಟರ್ ಬಿಸಿ ಆಯಿಲ್ ಸಂಪ್‌ಗೆ (ಎಣ್ಣೆ ನಿಲ್ಲುವ ತೊಟ್ಟಿಗೆ) ತಗುಲಿಕೊಂಡಿರುವುದರಿಂದ ಭಯ ಕಡಿಮೆ ಅನ್ನುವುದು ನಿಜ. ಹಳೆಯ ಸೆಸ್ನಾ 150ರ ಕಾಂಟಿನೆಂಟಲ್ ಎಂಜಿನ್ನಿಗೆ ಆ ಅನುಕೂಲವಿಲ್ಲ. ಕಡಿಮೆ ಅಂದರೆ ಇಲ್ಲವೇ ಇಲ್ಲ ಅಂತಲ್ಲ, ಹಾಗೆ ಕಲಿಸುವುದನ್ನು ನಾನು ಒಪ್ಪುವುದಿಲ್ಲ.

ಕಾರ್ಬ್ ಹೀಟ್‌ನ ಬಿಸಿ ಬರುವುದು ಹೊಗೆ ಹೋಗುವ ಎಕ್ಸಾಸ್ಟ್ ಪೈಪಿನ ಸುತ್ತಲಿನ ಕವಚದಿಂದ. ಎಂಜಿನ್ ನಿಂತರೆ ಪೈಪು ತಣ್ಣಗಾಗುತ್ತದೆ, ಆಮೇಲೆ ಗುಬ್ಬಿ ಎಳೆದರೂ ಉಪಯೋಗವಿಲ್ಲ. ಆದ್ದರಿಂದ ಮಳೆಗಾಲದಲ್ಲಿ ಥ್ರಾಟಲ್ ಇಳಿಸುವುದಕ್ಕೂ ಮುಂಚೆ ಕಾರ್ಬ್ ಹೀಟ್ ಎಳೆಯಿರಿ. ಇಳಿಯದೆ ಮತ್ತೆ ಮೇಲೇರಬೇಕಾದರೆ ಮೊದಲು ಥ್ರಾಟಲ್ ಪೂರ್ತಿ ಕೊಟ್ಟು, ಕೂಡಲೇ ಗುಬ್ಬಿ ಒಳಗೆ ತಳ್ಳಿ.

ಆದರೆ ನೆಲದ ಮೇಲಿದ್ದಾಗ ಕಾರ್ಬ್ ಹೀಟನ್ನು ಪರೀಕ್ಷೆಗೆ ಬೇಕಾದಷ್ಟೇ ಬಳಸಿ, ಏಕೆಂದರೆ ಈ ಗಾಳಿ ಫಿಲ್ಟರ್ ಮೂಲಕ ಬರುವುದಿಲ್ಲ. ಬೇಸಿಗೆಯಲ್ಲಿ ಗದಗಿನ ಕಡೆಯ ಎರೆಮಣ್ಣಿನ ಧೂಳು ಒಳಹೊಕ್ಕರೆ ಸಿಲಿಂಡರ್ ಗೋಡೆ ಸವೆಯುತ್ತದೆ. ರನ್-ಅಪ್‌ನಲ್ಲಿ (ಟೇಕಾಫ್‌ಗೆ ಮುಂಚಿನ ಎಂಜಿನ್ ಪರೀಕ್ಷೆಯಲ್ಲಿ), ಕಾರ್ಬ್ಯುರೇಟರ್ ಇರುವ ಸೆಸ್ನಾ 172 ಆದರೆ 1,700 ಆರ್‌ಪಿಎಂನಲ್ಲಿ, ಎಳೆದು ಕಾಯಿರಿ. ಇಳಿದ ಮುಳ್ಳು ಮತ್ತೆ ಮೇಲೇರಿದರೆ, ಅಥವಾ ಗುಬ್ಬಿ ತಳ್ಳಿದ ಮೇಲೆ ಮೊದಲಿಗಿಂತ ಹೆಚ್ಚು ತೋರಿಸಿದರೆ, ನಿಂತಲ್ಲೇ ಹಿಮ ಕಟ್ಟಿತ್ತು ಅಂತ ಅರ್ಥ. ಟೇಕಾಫ್‌ಗೆ ಕಾಯುವುದು ತಡವಾದರೆ ಆ ಪರೀಕ್ಷೆ ಮತ್ತೊಮ್ಮೆ ಮಾಡಿ.